ಏಳು ಪ್ರತಿ, ಏಳು ಕೊಡೆ

ನಿರ್ಮಾಪಕರು ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, 'ಕೆಂಪು ಕೊಡೆ' ಎಂದಿದ್ದ ಸಾಲಿನ ಮೇಲೆ ಬೆರಳಿಟ್ಟರು.

ಇನ್ನೂ ಚಿತ್ರೀಕರಣವೇ ಆಗದ ಕೊನೆಯ ದೃಶ್ಯ ಊರಿಗೆಲ್ಲ ಗೊತ್ತಾಗಿಹೋಗಿತ್ತು. ನಿಲ್ದಾಣದ ಬೆಂಚಿನ ಮೇಲೆ ಮರೆತುಹೋದ ಕೊಡೆ, ಅದರಿಂದ ಸಿಕ್ಕಿಬೀಳುವ ಕೊಲೆಗಾರ, ಎಲ್ಲವೂ ಸಿನಿಮಾ ಪುಟದಲ್ಲಿತ್ತು. ಬರೆದವನು ಚಿತ್ರದ ಸಂಕಲನಕಾರ್ತಿಯ ಸ್ವಂತ ತಮ್ಮ. ಆ ಸಂಕಲನಕಾರ್ತಿ ಈಗ ನಿರ್ಮಾಪಕರ ಎದುರು ಮುದುಡಿ ಕುಳಿತಿದ್ದಳು.

ನಿರ್ಮಾಪಕರು ಹಳೇ ಹುಲಿ. ದೃಶ್ಯದ ಏಳು ಪ್ರತಿ ಮಾಡಿಸುವಾಗ, ಯಾರಿಗೂ ಹೇಳದೆ, ಒಂದೊಂದರಲ್ಲೂ ಕೊಡೆಗೆ ಒಂದೊಂದು ಬಣ್ಣ ಬರೆಸಿದ್ದರು. ಸುದ್ದಿ ಹೊರಗೆ ಹೋದರೆ ಯಾರ ಪ್ರತಿಯೆಂದು ಬಣ್ಣವೇ ಹೇಳಲಿ ಎಂಬ ಉಪಾಯ. ಈಗ ಲಕೋಟೆ ಒಡೆದು ಪಟ್ಟಿ ಓದಿದರು. ಹಳದಿ ನಿರ್ದೇಶಕರದು, ನೀಲಿ ಪ್ರಚಾರದ ಮುಖ್ಯಸ್ಥರದು, ಹಸಿರು ಛಾಯಾಗ್ರಾಹಕರದು.

"ಕೆಂಪು ನಿಂದಮ್ಮ," ಎಂದರು.

ಹನ್ನೆರಡು ವರ್ಷದ ಕೆಲಸ. ಅವಳು ಆ ಹಾಳೆಗಳನ್ನು ಯಾರಿಗೂ ತೋರಿಸಿರಲಿಲ್ಲ. ಆದರೆ ಅವು ಮೂರು ದಿನ ಅವಳ ಚೀಲದಲ್ಲಿದ್ದವು, ಚೀಲ ಮನೆಯಲ್ಲಿತ್ತು, ಮನೆಯಲ್ಲಿ ತಮ್ಮನಿದ್ದ.

ಪೊಲೀಸರಿಗೆ ದೂರು ಕೊಟ್ಟೇ ಸಿದ್ಧ ಎಂದು ನಿರ್ಮಾಪಕರು ಹಟ ಹಿಡಿದರು. ತಡೆದವರು ಪಕ್ಕದಲ್ಲಿದ್ದ ಪ್ರಚಾರದ ಮುಖ್ಯಸ್ಥರು. ಪಟ್ಟಿ ಓದಿ ಮುಗಿಯುವವರೆಗೂ ಉಸಿರೆತ್ತದೆ ಕುಳಿತಿದ್ದ ಮನುಷ್ಯ ಈಗ ಒಂದು ಲೋಟ ನೀರು ಗಟಗಟ ಕುಡಿದು, ಹೇಗೂ ಚಿತ್ರದ ಹೆಸರು ಎಲ್ಲರ ಬಾಯಲ್ಲಿದೆ, ಅದು ಒಳ್ಳೆಯದೇ ಆಯಿತು ಎಂದು ಸಮಾಧಾನ ಹೇಳಿದರು.

"ವಿಚಾರಣೆ ಅಂತ ಹೊರಟರೆ ನಮ್ಮ ಮರ್ಯಾದೆನೇ ಬೀದಿಗೆ ಬರುತ್ತೆ ಸಾರ್. ಮೇಡಂ ರಾಜೀನಾಮೆ ಬರೆದುಕೊಡಲಿ. ಇಲ್ಲಿಗೇ ಮುಗಿಸೋಣ."

ಮುಖ್ಯಸ್ಥರು ತಮ್ಮದೇ ಶಾಯಿ ಪೆನ್ನಿನ ಮುಚ್ಚಳ ತೆಗೆದು ಅವಳ ಕೈಗಿತ್ತರು. ಎಂಥ ದೊಡ್ಡ ಮನಸ್ಸು ಎಂದುಕೊಂಡು ಅವಳು ಸಹಿ ಹಾಕಿದಳು. ತಮ್ಮ ಜೈಲು ಸೇರುವುದಾದರೂ ತಪ್ಪಿತಲ್ಲ.

ಮಟಮಟ ಮಧ್ಯಾಹ್ನ ಮನೆಗೆ ಬಂದವಳು, ಬಿಸಿಲಿಗೆ ಹಿಡಿದಿದ್ದ ಕೊಡೆಯನ್ನು ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿ, ಚಪ್ಪಲಿ ಕೂಡ ಬಿಡದೆ ತಮ್ಮನ ಮುಂದೆ ನಿಂತಳು. ಅವನು ಪತ್ರಿಕೆ ಸೇರಿದ ದಿನವೇ ಇಬ್ಬರೂ ಮಾತಾಡಿಕೊಂಡಿದ್ದರು: ಹೊಸಿಲು ದಾಟಿ ಸಿನಿಮಾ ಸುದ್ದಿ ಒಳಗೆ ಬರಬಾರದು.

"ನನ್ನ ಚೀಲಕ್ಕೆ ಯಾವಾಗ ಕೈ ಹಾಕಿದೆ?"

ಅವನು ಆಣೆ ಇಟ್ಟ. ಅವಳು ನಂಬಲಿಲ್ಲ. ಏಳು ಬಣ್ಣದ ಕಥೆ ಹೇಳಿ, ಕೆಂಪು ತನ್ನದೆಂದೂ ಕೆಲಸ ಹೋಯಿತೆಂದೂ ಹೇಳಿ ಗೋಡೆಗೊರಗಿ ಅತ್ತಳು. ತಮ್ಮನ ಮುಖ ಬಿಳಚಿಕೊಂಡಿತು.

"ಅಕ್ಕಾ, ನನಗೆ ಸಿಕ್ಕಿದ ಪ್ರತೀಲಿ ಕೊಡೆ ಕೆಂಪು ಇರಲಿಲ್ಲ. ಕೊಟ್ಟವರ ಗುರುತು ಸಿಗಬಾರದು ಅಂತ ನಾವು ಒಂದೆರಡು ವಿವರ ಬದಲಾಯಿಸ್ತೀವಿ. ಯಾವ ಬಣ್ಣ ಹಾಕ್ಲಿ ಅಂತ ತಲೆ ಎತ್ತಿದೆ. ಎದುರಿಗೆ ನಿನ್ನ ಕೊಡೆ ನೇತಾಡ್ತಿತ್ತು."

ಅವಳು ತಿರುಗಿ ಬಾಗಿಲ ಕಡೆ ನೋಡಿದಳು. ಮೊಳೆಯಲ್ಲಿ ಕೆಂಪು ಕೊಡೆ.

"ನಿನಗೆ ಸಿಕ್ಕಿದ್ದರಲ್ಲಿ ಯಾವ ಬಣ್ಣ ಇತ್ತು?"

"ಹೆಸರು ಮಾತ್ರ ಕೇಳಬೇಡ. ನೀಲಿ ಇತ್ತು."

ಹೆಸರು ಕೇಳುವ ಅಗತ್ಯವೇ ಇರಲಿಲ್ಲ. ಅವರ ಪೆನ್ನಿನ ಶಾಯಿ ಇನ್ನೂ ಅವಳ ಬೆರಳಿಗೆ ಅಂಟಿತ್ತು.