ಬಾಳವ್ವ ಕೇಳಿದ ಹೆಪ್ಪು

ಬಾಳವ್ವನ ಗಡಿಗೆ ಮೊಸರು ಅಂದರೆ ಘಟಪ್ರಭೆಯ ದಂಡೆಯ ಆ ಊರಿನಲ್ಲಿ ಎಲ್ಲರಿಗೂ ಗೊತ್ತು. ಗಡಿಗೆ ಬೋರಲು ಹಾಕಿದರೂ ಮೊಸರು ಬೀಳಬಾರದು... ಅದು ಅವಳ ಗ್ಯಾರಂಟಿ!

ಎರಡು ಎಮ್ಮೆ, ಒಂದು ಮಣ್ಣಿನ ಮಾಳಿಗೆಯ ಮನೆ, ಅತ್ತೆ ಬಿಟ್ಟುಹೋದ ಹೆಪ್ಪು. ಗಂಡ ತೀರಿಕೊಂಡ ಮೇಲೆ ಇಷ್ಟರಲ್ಲೇ ಅವಳು ತಲೆಯೆತ್ತಿ ಬದುಕಿದ್ದಳು.

ಯಾರು ಬಟ್ಟಲು ಹಿಡಿದು ಬಂದರೂ ಇಲ್ಲ ಎನ್ನದೆ ಹೆಪ್ಪು ಕೊಡುವಳು. ಸಂಜೆ ದೀಪ ಹಚ್ಚಿದ ಮೇಲೆ ಮಾತ್ರ ಇಲ್ಲ... ಆ ಹೊತ್ತಿನಲ್ಲಿ ಹೆಪ್ಪು ಹೊಸ್ತಿಲು ದಾಟಬಾರದು ಎಂಬುದು ಹಿರಿಯರ ಮಾತು.

ಕೊಡುವುದರಲ್ಲಿ ಕರ್ಣ. ಆದರೆ ಕೇಳುವುದು? ಉಹುಂ! ಮಾಳಿಗೆ ಸೋರಿದರೆ ತಾನೇ ಏರಿ ಮಣ್ಣು ಮೆತ್ತುವಳು. ಜ್ವರ ಬಂದರೆ ಬಾಗಿಲು ಹಾಕಿಕೊಂಡು ಮಲಗುವಳು.

"ಕೊಡೋ ಕೈ ಮ್ಯಾಲ, ಬೇಡೋ ಕೈ ಕೆಳಗ. ನನ್ನ ಕೈ ಕೆಳಗ ಆಗೂದು ಬ್ಯಾಡ," ಅನ್ನುವಳು.

ಆ ಮಳೆಗಾಲದಲ್ಲಿ ಹೊಳೆ ಊರೊಳಗೇ ಬಂತು...

ಪಂಚಾಯ್ತಿಯ ಟ್ರ್ಯಾಕ್ಟರ್ ಮೈಕ್‌ನಲ್ಲಿ ಕೂಗುತ್ತ ಬಂದಾಗ ಬಾಳವ್ವ ಮೊದಲು ಎಮ್ಮೆಗಳ ಹಗ್ಗ ಬಿಚ್ಚಿದಳು. ಅವನ್ನು ಹೊಡೆದುಕೊಂಡು ಎತ್ತರದ ಶಾಲೆ ಸೇರಿದಳು. ಅಲ್ಲಿ ಕಾಳಜಿ ಕೇಂದ್ರ ತೆರೆದಿದ್ದರು.

ಕೂತ ಮೇಲೆ ನೆನಪಾಯಿತು... ಹೆಪ್ಪಿನ ಗಡಿಗೆ ಮನೆಯ ನೆಲುವಿನಲ್ಲೇ ತೂಗುತ್ತಿದೆ!

ಮೇಲಿನ ಓಣಿಗೆ ನೀರು ಬಂದಿರಲಿಲ್ಲ. ಅಲ್ಲಿಯ ಕಾಶಿಂಬಿ ದಿನಾ ರೊಟ್ಟಿ ಬುಟ್ಟಿ ಹೊತ್ತು ಕೇಂದ್ರಕ್ಕೆ ಬರುತ್ತಿದ್ದಳು.

"ಬಾಳಕ್ಕಾ, ನಮ್ಮನಿಗೆ ಬಂದಿರು. ಎಮ್ಮಿ ಕಟ್ಟಾಕೂ ಜಾಗಾ ಐತಿ."

"ಬ್ಯಾಡವ್ವಾ. ನಂದು ನಾ ನೋಡ್ಕೋತೀನಿ."

"ನೋಡ್ಕೊಳ್ಳಾಕ ಈಗ ನಿನ್ನ ಮನಿ ಎಲ್ಲೈತಿ?" ಎಂದು ಕಾಶಿಂಬಿ ನಕ್ಕಳು. ಬಾಳವ್ವ ನಗಲಿಲ್ಲ.

ನೀರು ಇಳಿಯಿತು. ಬಿಸಿಲು ಬಿತ್ತು. ಮೈಕ್ ಮತ್ತೆ ಕೂಗಿತು...

"ಮಣ್ಣಿನ ಗ್ವಾಡಿ ನೆನದಾವು, ಯಾವಾಗ ಬೀಳತಾವು ಹೇಳಾಕ ಬರೂದಿಲ್ಲ. ಯಾರೂ ಮನಿಯೊಳಗ ಹೋಗಬ್ಯಾಡ್ರಿ. ನಮ್ಮನ್ನ ಕರೀರಿ, ಬಂದು ನೋಡ್ತೀವಿ!"

ಎಲ್ಲರೂ ಕೇಳಿದರು. ಬಾಳವ್ವನೂ ಕೇಳಿದಳು. ಕೇಳಿ, ಮೆಲ್ಲಗೆ ಎದ್ದು, ಒಬ್ಬಳೇ ಮನೆಯ ದಾರಿ ಹಿಡಿದಳು. ಒಂದು ಗಡಿಗೆ ತರಲು ನಾಲ್ಕು ಮಂದಿಯನ್ನು ಕರೆಯುವುದೇ?

ಗೋಡೆಯ ಮೇಲೆ ನೀರು ನಿಂತ ಗೆರೆ... ನೆಲುವು ಅದಕ್ಕಿಂತ ಒಂದು ಗೇಣು ಮೇಲೆ! ಗಡಿಗೆ ಹಾಗೇ ಇತ್ತು. ಬಾಳವ್ವನಿಗೆ ಹೋದ ಜೀವ ಬಂದಂತಾಯಿತು.

ಒಳಗೆ ಹೆಜ್ಜೆ ಇಟ್ಟಳು... ಕಾಲು ಮೊಣಕಾಲಿನವರೆಗೆ ರಾಡಿಯಲ್ಲಿ ಹೂತಿತು. ಎಳೆದಷ್ಟೂ ಇನ್ನೂ ಒಳಗೆ.

ಮೇಲಿನಿಂದ ಒಂದು ಹೆಂಟೆ ಮಣ್ಣು ಬಿದ್ದು ಹೆಗಲಿಗೆ ಬಡಿಯಿತು. ಜಂತಿ ಲಟಲಟ ಎಂದಿತು.

ಪಕ್ಕದ ಓಣಿಯಲ್ಲಿ ಕೆಸರು ಬಳಿಯುತ್ತಿದ್ದ ಜನರ ಮಾತು ಕೇಳುತ್ತಿತ್ತು. ಒಂದು ಕೂಗು ಸಾಕಿತ್ತು. ಬಾಳವ್ವ ಮಾತ್ರ ಹಲ್ಲು ಕಚ್ಚಿ ಕಾಲು ಎಳೆಯುತ್ತಲೇ ಇದ್ದಳು. ಹಾಳು ಅಭಿಮಾನ... ಜೀವ ಹೋಗುವಾಗಲೂ ನಾಲಿಗೆ ಹೊರಳಗೊಡದು!

ಇನ್ನೊಂದು ಹೆಂಟೆ ಬಿತ್ತು. ಶಾಲೆಯ ಬಳಿ ಕಟ್ಟಿದ ಎಮ್ಮೆಗಳು ಕಣ್ಣ ಮುಂದೆ ಬಂದವು. ತಾನಿಲ್ಲದಿದ್ದರೆ ಅವು ಯಾರ ಮುಖ ನೋಡಬೇಕು?

"ಯಾರರ ಬರ್ರೆವ್ವಾ...! ನನಗ ಒಬ್ಬಾಕಿಗೆ ಆಗವಲ್ದು!"

ಆ ಮಾತು ತನ್ನದೇ ಎಂದು ಬಾಳವ್ವನಿಗೇ ನಂಬಿಕೆಯಾಗಲಿಲ್ಲ.

ಮೊದಲು ಓಡಿಬಂದವಳು ಕೆಸರು ಬಳಿಯಲು ಅಲ್ಲಿಗೆ ಬಂದಿದ್ದ ಕಾಶಿಂಬಿ. ಹಿಂದೆ ಓಣಿಯ ಮಂದಿ.

"ಯಾರೂ ಒಳಗ ಕಾಲಿಡಬ್ಯಾಡ್ರಿ! ಹಗ್ಗ ತರ್ರಿ, ಹಲಗಿ ತರ್ರಿ!" ಎಂದು ಕಾಶಿಂಬಿ ಕೂಗಿದಳು.

ಹೊರಗಿನಿಂದಲೇ ರಾಡಿಯ ಮೇಲೆ ಹಲಗೆ ಚಾಚಿದರು, ಹಗ್ಗ ಎಸೆದರು. ಬಾಳವ್ವ ಅದನ್ನು ಸೊಂಟಕ್ಕೆ ಸುತ್ತಿಕೊಂಡು ಹಲಗೆಗೆ ಎದೆಯೂರಿದಳು. ಎಲ್ಲರೂ ಸೇರಿ ಎಳೆದರು... ಕಾಲು ಬಿಟ್ಟುಕೊಂಡಿತು!

ಅವಳನ್ನು ಬೀದಿಯ ಆಚೆ ತಂದು ಕೂರಿಸುವಷ್ಟರಲ್ಲಿ ಮಾಳಿಗೆ ಧಡ್ ಎಂದು ಕುಸಿಯಿತು.

ಜೀವ ಉಳಿಯಿತು. ಗಡಿಗೆ ಮಣ್ಣುಪಾಲಾಯಿತು.

ಗಂಡ ಹೋದಾಗಲೂ ಜನರ ಮುಂದೆ ಅಳದವಳು ಅಂದು ಬಿಕ್ಕಿ ಬಿಕ್ಕಿ ಅತ್ತಳು. "ನಮ್ಮತ್ತಿ ಕೊಟ್ಟ ಹೆಪ್ಪು ಹೋತಲ್ಲೇ ಕಾಶಿಂಬಿ..."

"ಎಲ್ಲಿ ಹೋತು? ಒಂದು ಮಾತು ಕೇಳಿ ನೋಡೀಯೇನು?"

ಬಾಳವ್ವ ತಲೆಯೆತ್ತಿದಳು. ಕಾಶಿಂಬಿಯ ಕಣ್ಣಲ್ಲಿ ನಗುವೂ ಇತ್ತು, ನೀರೂ ಇತ್ತು.

ಬಾಳವ್ವ ರಾಡಿ ಮೆತ್ತಿದ ಕೈಯನ್ನು ಮೆಲ್ಲಗೆ ಮುಂದೆ ಚಾಚಿದಳು. "ಒಂಚೂರು... ಹೆಪ್ಪು ಇದ್ರ ಕೊಡವ್ವಾ."

ಕಾಶಿಂಬಿ ಮನೆಗೆ ಓಡಿದಳು. ಬರುವಾಗ ಅವಳ ಕೈಯಲ್ಲಿ ಸ್ಟೀಲ್ ಡಬ್ಬಿ. ಬೆನ್ನಿಗೇ ಮೇಲಿನ ಓಣಿಯ ಹೆಂಗಸರು... ಒಬ್ಬಳು ತಂಬಿಗೆ ಹಿಡಿದಿದ್ದಳು, ಇನ್ನೊಬ್ಬಳು ಚಹಾ ಕಪ್ಪು, ಮತ್ತೊಬ್ಬಳು ಮಗಳ ಟಿಫಿನ್ ಬಾಕ್ಸ್!

"ತಗೋ ಅಕ್ಕಾ. ಇದು ನಿಂದ. ನಾ ಲಗ್ನ ಆಗಿ ಬಂದ ವರ್ಷ ನಿನ್ನ ಕಡೆ ಇಸ್ಕೊಂಡಿದ್ದೆ. ಇವತ್ತಿನ ತನಕ ನಮ್ಮನ್ಯಾಗ ಅದ ಹೆಪ್ಪು ನಡದೈತಿ. ಇವರೆಲ್ಲಾರ ಮನ್ಯಾಗೂ ನಿಂದ ಐತಿ... ದೀಪ ಹಚ್ಚೋದರೊಳಗ ತಗೋ!"

ಹೆಪ್ಪು ಮರಳಿಸಬೇಕಾದ ಕೈಗಡವಲ್ಲ. ಆ ಊರಿನಲ್ಲಿ ಯಾರೂ ಅದನ್ನು ಮರಳಿಸಿದ್ದಿಲ್ಲ. ಅಂದು ಇಡೀ ಓಣಿ ಮರಳಿಸಿತು.

ಬಾಳವ್ವ ಎಮ್ಮೆಗಳ ಸಮೇತ ಕಾಶಿಂಬಿಯ ಮನೆಗೆ ಹೋದಳು. ಕಾಶಿಂಬಿ ಕೊಟ್ಟ ಗಡಿಗೆಯನ್ನು ಕುದಿಯುವ ನೀರಿನಲ್ಲಿ ತೊಳೆದು, ಹಾಲು ಕಾಯಿಸಿ, ಹೆಪ್ಪು ಹಾಕಿದಳು.

ಮುಂದೆ ಹೊಸ ಗೋಡೆ ಏಳಿಸುವಾಗ ಅವಳ ಬಾಯಿಗೆ ಬಿಡುವೇ ಇರಲಿಲ್ಲ. "ಏ ತಮ್ಮಾ, ಆ ಕಲ್ಲು ಹಿಡಿ! ಏ ಯವ್ವಾ, ನೀರು ತಾ!" ಕೇಳುವುದರಲ್ಲೂ ಈಗ ಅವಳದೇ ಎತ್ತಿದ ಕೈ!

ಗೋಡೆ ಎದ್ದ ಮೇಲಿನ ಮೊದಲ ಸಂತೆ... ಬಾಳವ್ವ ಎಲ್ಲರೆದುರು ಗಡಿಗೆ ಎತ್ತಿ ಬೋರಲು ಹಿಡಿದಳು.

ಮೊಸರು ಬೀಳಲಿಲ್ಲ.

ಇಡೀ ಸಂತೆ ಚಪ್ಪಾಳೆ ತಟ್ಟಿತು!

*

ಕೊಡುವ ಕೈ ದೊಡ್ಡದು... ಕಷ್ಟದಲ್ಲಿ ಅದೇ ಕೈ ಚಾಚಲು ಇನ್ನೂ ದೊಡ್ಡ ಮನಸ್ಸು ಬೇಕು.

ನೀವೂ ಯಾರನ್ನೋ ಕೂಗಿ ಕರೆಯಬೇಕಾದ ಹೊತ್ತಿನಲ್ಲಿ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೀರಾ?