ಸಾಕ್ಷಿಗೆ ಹೋದ ಅವರೆ

ಬೀಜದ ಮಡಕೆಯ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಯಾರೋ ಬಿಚ್ಚಿ ಮತ್ತೆ ಕಟ್ಟಿದ್ದರು. ಗಂಟು ಗಂಗಹನುಮಯ್ಯನದಲ್ಲ. ಅವನು ಗಡಬಡಿಸಿ ಬಟ್ಟೆ ಬಿಚ್ಚಿದ. ಕೈ ಹಾಕಿ ನೋಡಿದ. ಅವರೆಕಾಳು ಕತ್ತಿನವರೆಗೂ ಇತ್ತು. ಸದ್ಯ, ಕದ್ದಿಲ್ಲ.

ಕುದೂರಿನ ಸುತ್ತ ಎಲ್ಲರೂ ಅಂಗಡಿ ಬೀಜಕ್ಕೆ ಬಿದ್ದ ಮೇಲೆ, ಹುಳ ಮುಟ್ಟದ ಅವರೆ ಉಳಿದದ್ದು ಅವನ ಮನೆಯ ಈ ಒಂದು ಮಡಕೆಯಲ್ಲಿ. ಅಪ್ಪನ ಕಾಲದ್ದು. ಈಗ ಬೀಜದ ಕಂಪನಿಯೊಂದು, ಹುಳ ತಡೆಯುವ ಆ ಜೀನನ್ನು ತಾನೇ ಲ್ಯಾಬಿನಲ್ಲಿ ಸೃಷ್ಟಿಸಿದ್ದೆಂದು ಪೇಟೆಂಟ್ ಕೇಳಿತ್ತು. ಅದು ಸಿಕ್ಕಿದರೆ ಅಪ್ಪನ ಅವರೆ ಬಿತ್ತಲೂ ತನ್ನ ಅಪ್ಪಣೆ ಬೇಕೆಂದು ನೋಟಿಸು ಬೇರೆ. ಎಂಥ ಧಿಮಾಕು ನೋಡಿ.

ವಕೀಲೆ ಮಮತಾ ದಾರಿ ಹೇಳಿದ್ದಳು. "ತಾನಾಗಿ ಹುಟ್ಟಿದ್ದಕ್ಕೆ ಪೇಟೆಂಟ್ ಕೊಡಲ್ಲ ಯಜಮಾನ್ರೆ. ಅದೇ ಜೀನ್ ನಿಮ್ಮ ಕಾಳಲ್ಲೂ ಇದೆ ಅಂತ ಲ್ಯಾಬ್ ಬರೆದುಕೊಟ್ಟರೆ ಅವರ ಅರ್ಜಿ ಬಿದ್ದುಹೋಗುತ್ತೆ."

"ಇಲ್ದೆ ಹೋದ್ರೆ?" ಎಂದು ಕೇಳಿದವಳು ಹೆಂಡತಿ ದೊಡ್ಡಲಕ್ಷ್ಮಮ್ಮ.

"ಕಷ್ಟ ಕಣಮ್ಮ."

ಅಂದಿನಿಂದ ಅವಳು ಸರಿಯಾಗಿ ಉಂಡಿರಲಿಲ್ಲ. ಗಂಗಹನುಮಯ್ಯನಿಗೆ ಅವಳ ಮೇಲೂ ತುಸು ಅನುಮಾನ. ಅವಳು ಕೂಲಿಗೆ ಹೋಗುತ್ತಿದ್ದದ್ದು ಅದೇ ಕಂಪನಿಯ ಪ್ರಯೋಗದ ಹೊಲಕ್ಕೆ.

"ಆ ಹೊಲದ ಮೇಸ್ತ್ರಿ ಚೆಲುವಯ್ಯ ನಮ್ಮ ಬೀಜ ಏನಾರಾ ಕೇಳಿದ್ನೇನಮ್ಮಿ?"

"ಅವನ್ಯಾಕೆ ಕೇಳ್ತಾನೆ. ನೀನು ಸುಮ್ಕೆ ಕಾಳು ತಗೊಂಡೋಗು. ಎಲ್ಲಾ ಒಳ್ಳೇದಾಯ್ತದೆ."

ಲ್ಯಾಬಿಗೆ ಕೊಡಲು ಮಡಕೆಯನ್ನೇ ಹೊತ್ತುಕೊಂಡು ಬಸ್ಸು ಹತ್ತಿದ.

ಕೆಲವು ತಿಂಗಳ ಮೇಲೆ ಮಮತಾ ಹೇಳಿಕಳಿಸಿದಳು. ಗಂಡ ಹೆಂಡತಿ ಇಬ್ಬರೂ ಮಾಗಡಿಯಲ್ಲಿದ್ದ ಅವಳ ಕಚೇರಿಗೆ ಹೋದರು. ಅವಳ ಮೇಜಿನ ಮೇಲೆ ಲ್ಯಾಬಿನ ವರದಿಯಿತ್ತು, ಪೇಟೆಂಟ್ ಕಚೇರಿಯ ಆದೇಶವೂ ಇತ್ತು.

"ನಮ್ಮ ಕಾಳಲ್ಲಿ ಐತಾ?" ಎಂದ ಗಂಗಹನುಮಯ್ಯ.

"ಇದೆ."

ದೊಡ್ಡಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆದರೆ ಕೆಲವು ಕಾಳಲ್ಲಿ ಕಂಪನಿಯವರು ತಮ್ಮದೆಂದು ತಿಳಿಯಲು ಲ್ಯಾಬಿನಲ್ಲಿ ಸೇರಿಸಿದ ಗುರುತೂ ಇದೆ. ಅದು ಅವರ ಹೊಲದ ಕಾಳಲ್ಲಿ ಬಿಟ್ಟು ಬೇರೆಲ್ಲೂ ಸಿಗಲ್ಲ. ಬೆರಕೆ ಮಾಲು, ಯಾವ ಕಾಳನ್ನೂ ನಂಬೋಕಾಗಲ್ಲ ಅಂತ ಪೇಟೆಂಟ್ ಕಚೇರಿಯವರು ನಮ್ಮ ಸಾಕ್ಷಿ ತಳ್ಳಿಹಾಕಿದ್ದಾರೆ. ಪೇಟೆಂಟ್ ಅವರಿಗಾಯ್ತು."

ಮಡಕೆಗೆ ಕೈ ಹಾಕಿದವನು ಚೆಲುವಯ್ಯನೇ ಎಂದು ಅವನ ಹಿಂದು ಮುಂದಿನವರನ್ನೆಲ್ಲ ಸೇರಿಸಿ ಗಂಗಹನುಮಯ್ಯ ಬೈದ.

"ಅವನನ್ನ ಬಯ್ಬೇಡ," ಎಂದಳು ದೊಡ್ಡಲಕ್ಷ್ಮಮ್ಮ. "ನಮ್ಮದ್ರಲ್ಲಿ ಆ ಜೀನು ಇಲ್ದೆ ಹೋದ್ರೆ ನೀನು ಸೋತೋಯ್ತೀಯ ಅಂತ, ನಾನೇ ಅವರ ಹೊಲದ ಕಾಳು ಮಡ್ಲಲ್ಲಿ ತಂದು ಬೆರೆಸ್ದೆ."

ಮಮತಾ ವರದಿಯ ಕೊನೆಯ ಸಾಲನ್ನು ಓದಿ ಹೇಳಿದಳು.

ಕಂಪನಿಯ ಗುರುತಿಲ್ಲದ ಅಷ್ಟೂ ಕಾಳುಗಳಲ್ಲಿ ಆ ಜೀನ್ ಇತ್ತು.