ಸಿರಸಂಗಿಯಲ್ಲಿ ನಿಲ್ಲದ ಗಾಡಿ

ಮನೆಯೆಲ್ಲ ಹುಡುಕಿದರೂ ಸಿಗದ ತುರುಬಿನ ಪಿನ್ನುಗಳು ತಂಗೆವ್ವನಿಗೆ ಕಡೆಗೆ ಕಂಡದ್ದು ಗಂಡನ ರೈಲು ಎಂಜಿನ್ನಿನ ಮೈಮೇಲೆ. ಎಂಜಿನ್ನು ಗೇಣುದ್ದದ್ದು. ನಿಜಗುಣಪ್ಪ ಪಿನ್ನುಗಳನ್ನು ನೆಟ್ಟಗೆ ಮಾಡಿ, ತುಂಡರಿಸಿ, ಡ್ರೈವರು ಹಿಡಿದು ಹತ್ತುವ ಸರಳುಗಳನ್ನಾಗಿ ಬೆಸೆದು ಮುಗಿಸಿದ್ದ. ಚಿಮಣಿಯ ಸುತ್ತ ಹಿಡಿದ ಮಸಿ ಅವಳ ಕಾಡಿಗೆ. ಡಬ್ಬಿಗಳ ಅಂಚಿಗೆ ಹಿಡಿದ ತುಕ್ಕು ಅವಳ ಕುಂಕುಮ. ಡಬ್ಬಿಗಳ ಮೇಲಿನ ನಂಬರು ಅಳಿಸದಿರಲೆಂದು ಬಳಿದದ್ದು ಮಗಳು ಅನ್ನಪೂರ್ಣಾ ಬಿಟ್ಟುಹೋಗಿದ್ದ, ಬಣ್ಣವಿಲ್ಲದ ನೇಲ್ ಪಾಲಿಶ್.

ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಮನುಷ್ಯ ರಿಟೈರಾಗಿ ಬಂದು ಕುಂತದ್ದು ರೈಲೇ ಇಲ್ಲದ ಬೈಲಹೊಂಗಲದಲ್ಲಿ. ತನ್ನ ಕೈಯಲ್ಲಿ ಪಳಗಿದ ಉಗಿ ಎಂಜಿನ್ನುಗಳೆಲ್ಲ ಗುಜರಿಗೆ ಹೋದ ಸಂಕಟ ಬೇರೆ. ಮುಂಬಯಿಯ ಹಳೇ ಸಾಮಾನಿನ ಬಜಾರಿನಿಂದ ಪರದೇಶದ ಆಟಿಕೆ ಗಾಡಿಯೊಂದನ್ನು ತಂದ. ಅದರ ಪರದೇಶಿ ಗುರುತುಗಳನ್ನೆಲ್ಲ ಕೆರೆದುಹಾಕಿದ. ಪಡಸಾಲೆಯ ತುಂಬ ಪ್ಲೈವುಡ್ ಹಾಸಿ, ಸುತ್ತು ಬರುವಂತೆ ಹಳಿ ಜೋಡಿಸಿ, ಬೈಲಹೊಂಗಲ–ಯರಗಟ್ಟಿ–ರಾಮದುರ್ಗ ಲೈನನ್ನು ತಾನೇ ಮಂಜೂರು ಮಾಡಿಕೊಂಡ.

ಪಿನ್ನು ಹೋದರೆ ಹೋಗಲಿ. ತಂಗೆವ್ವನ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ.

“ಅಲ್ರೀ, ಯರಗಟ್ಟಿ ದಾಟಿದ ಮ್ಯಾಲೆ ನಮ್ಮ ಸಿರಸಂಗಿ ಎಲ್ಲೈತಿ?”

“ಅಕಾ ಅಲ್ಲಿ, ಆ ಬೇವಿನ ಗಿಡ ಐತೆಲ್ಲ, ಅದ.”

“ಬರೇ ಗಿಡ? ಸ್ಟೇಶನ್ ಇಲ್ಲೇನ್ರಿ?”

“ಇದು ಎಕ್ಸ್‌ಪ್ರೆಸ್ ಗಾಡಿ. ಸಣ್ಣಪುಟ್ಟ ಊರಾಗ ನಿಂದ್ರಂಗಿಲ್ಲ. ಅಲ್ಲಿ ನಿಂತ್ರ ನೀ ಇಳಕೊಂಡ ಹೋಗತಿ. ಹುಣ್ಣಿವಿಗೆ ಹೋದಾಕಿ ಅಮಾಸಿಗೆ ಬರತಿ.”

“ನನ್ನ ಪಿನ್ನು, ನನ್ನ ಕಾಡಿಗಿ, ನನ್ನ ಕುಂಕಮ ಹಚಗೊಂಡು, ನನ್ನ ತವರಮನಿ ಮುಂದ ನಿಂದರಲಾರದ ಹೋಗತೈತೇನ್ರಿ ಇದು?”

“ಆ ಪಾಲಿಶ್ ಬಾಟಲಿ ಮೊದಲ ತಗಿ ಅಲ್ಲಿಂದ. ಹಳಿ ಮ್ಯಾಲೆ ಚೆಲ್ಲಿದ್ರ ಗಾಲಿಗೆ ಕರೆಂಟು ಹತ್ತಂಗಿಲ್ಲ. ಗಾಡಿ ನಿಂತ ಬಿಡತೈತಿ.”

“ಹೌದೇನ್ರಿ?” ಎಂದಷ್ಟೇ ಅಂದು ತಂಗೆವ್ವ ಬಾಟಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಆ ಸಂಜೆ ಗಾಡಿಯ ಮೊದಲ ಓಟ. ನೋಡಲು ಬರುವವನು ಪಕ್ಕದ ಮನೆಯ ಹಜರತಸಾಬ, ರಾಮದುರ್ಗದ ಬಸ್ಸಿನ ಡ್ರೈವರು. ಇವತ್ತು ಕಂಡದ್ದನ್ನು ನಾಳೆ ಸಿರಸಂಗಿ ಸ್ಟ್ಯಾಂಡಿನಲ್ಲಿ ಇಳಿಸಿಯೇ ಮುಂದೆ ಹೋಗುವ ಆಸಾಮಿ. ಅಳಿಯ ತನ್ನ ರೈಲಿನಲ್ಲಿ ನಮ್ಮೂರನ್ನು ಲೆಕ್ಕಕ್ಕೇ ಇಟ್ಟಿಲ್ಲವೆಂಬ ಸುದ್ದಿ ಮುಟ್ಟಿದರೆ ಪಂಚಮಿಗೆ ಯಾವ ಮುಖ ಹೊತ್ತು ತವರಿಗೆ ಹೋಗುವುದು? ಗಂಡ ಮುಖ ತೊಳೆಯಲು ಹಿತ್ತಲಿಗೆ ಹೋದದ್ದೇ ತಡ, ತಂಗೆವ್ವ ಬೇವಿನ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಒಂದು ಹಳಿಯ ಮೇಲೆ, ಎಂಜಿನ್ನಿಗಿಂತ ತುಸು ಉದ್ದಕ್ಕೆ, ರಂಗೋಲಿಯ ಎಳೆ ಎಳೆದಷ್ಟು ನಾಜೂಕಾಗಿ ಪಾಲಿಶ್ ಎಳೆದು, ಉಫ್ ಉಫ್ ಎಂದು ಊದಿ ಒಣಗಿಸಿದಳು.

ಗಾಡಿ ಬೈಲಹೊಂಗಲ ಬಿಟ್ಟಿತು. ಶಿಳ್ಳೆಯನ್ನು ನಿಜಗುಣಪ್ಪ ಬಾಯಿಂದಲೇ ಹಾಕಿದ. ಯರಗಟ್ಟಿ ದಾಟಿತು. ಬೇವಿನ ಗಿಡದ ಕೆಳಗೆ ಗಕ್ಕನೆ ನಿಂತಿತು.

ಹಜರತಸಾಬ ಬಗ್ಗಿ ನೋಡಿದ. “ಯಾಕ್ರಿ ಅಣ್ಣಾರ, ಪಂಕ್ಚರ್ ಆತೇನ್ರಿ?”

ನಿಜಗುಣಪ್ಪ ಬೆರಳಿನಿಂದ ನೂಕಿದ. ಓಡಿತು. ಇನ್ನೊಂದು ಸುತ್ತು ಬಂದು ಮತ್ತೆ ಅಲ್ಲೇ ನಿಂತಿತು. ಎಂಜಿನ್ನನ್ನು ಅಂಗಾತ ಮಲಗಿಸಿ ಗಾಲಿ ಒರೆಸಿದ, ವೈರು ಎಳೆದು ನೋಡಿದ. ಎಲ್ಲ ಸರಿಯಾಗಿತ್ತು. ಕಡೆಗೆ ಹಳಿಯನ್ನು ಉಗುರಿನಿಂದ ಕೆರೆದು, ಉಗುರನ್ನು ಮೂಗಿಗೆ ಹಿಡಿದ. ಮೆಲ್ಲಗೆ ತಲೆ ಎತ್ತಿ ಹೆಂಡತಿಯ ಕಡೆ ನೋಡಿದ. ತಂಗೆವ್ವ ಚಹಾ ಸೋಸುವುದರಲ್ಲಿ ಮುಳುಗಿಹೋಗಿದ್ದಳು.

ನಿಜಗುಣಪ್ಪ ಎಂಜಿನ್ನನ್ನು ಮತ್ತೆ ಹಳಿಯ ಮೇಲಿಟ್ಟ. ಜನ್ಮವಿಡೀ ಎಂಜಿನ್ನು ರಿಪೇರಿ ಮಾಡಿದವನ ಗಾಡಿಯನ್ನು ಹೆಂಡತಿ ಉಗುರಿನ ಬಣ್ಣದಿಂದ ನಿಲ್ಲಿಸಿದಳೆಂದರೆ, ನಾಳೆ ಬಸ್ಸಿನಲ್ಲಿ ಟಿಕೇಟಿನ ಜೊತೆ ಅದನ್ನೇ ಹಂಚುತ್ತಾರೆ. ಅವನು ಕೆಮ್ಮಿದ. “ಏನೂ ಆಗಿಲ್ಲೋ ಮಾರಾಯ. ಉಗಿ ಎಂಜಿನ್ ನೋಡು, ನೀರ ಕುಡ್ಯಾಕ ನಿಂತೈತಿ. ಇದು ಸಿರಸಂಗಿ ಹಾಲ್ಟ್.”

“ಹಂಗ ಅನ್ರಿ ಮತ್ತ! ವೈನಿಯಾರ ತವರಮನಿ ನೀರು ಅಂದ್ರ ಎಂಜಿನ್ನರ ಯಾಕ ಬಿಟ್ಟೀತು? ನಾಳೆ ಸ್ಟ್ಯಾಂಡಿನ್ಯಾಗ ಎಲ್ಲಾರಿಗೂ ಹೇಳತೇನ್ರಿ.”

ತಂಗೆವ್ವನಿಗೆ ಎಷ್ಟು ಖುಷಿಯಾಯಿತೆಂದರೆ ಹಜರತಸಾಬನ ಕಪ್ಪು ತುಂಬಿ ಬಸಿಗೆ ಚೆಲ್ಲಿದರೂ ಚಹಾ ಸುರಿಯುತ್ತಲೇ ಇದ್ದಳು.

ಮರುದಿನ ಬೆಳಿಗ್ಗೆ ಕಸ ಹೊಡೆಯಲು ಪಡಸಾಲೆಗೆ ಬಂದವಳು ಪೊರಕೆ ಹಿಡಿದು ಹಾಗೇ ನಿಂತಳು. ಹಳಿ ಥಳಥಳ ಒರೆಸಿತ್ತು. ಬೇವಿನ ಗಿಡದ ಕೆಳಗೆ ಕಡ್ಡಿಪೆಟ್ಟಿಗೆಯ ಪುಟ್ಟ ಸ್ಟೇಶನ್ನು, ಅದರ ಪಕ್ಕ ಅವಳ ಕುಂಕುಮದ ಭರಣಿಯ ಮುಚ್ಚಳದ್ದೇ ನೀರಿನ ತೊಟ್ಟಿ. ಮುಂದೆ ಹಳದಿ ಬೋರ್ಡಿನ ಮೇಲೆ ಕರಿ ಅಕ್ಷರದಲ್ಲಿ ‘ಸಿರಸಂಗಿ’. ಅವಳ ಕಣ್ಣು ತುಂಬಿ ಬಂದವು. ಎಷ್ಟಂದರೂ ನನ್ನ ಗಂಡ ಒಳ್ಳೆಯವನೇ ಎಂದುಕೊಂಡಳು.

ಕಣ್ಣೊರೆಸಿಕೊಂಡು ಬಗ್ಗಿ ನೋಡಿದರೆ, ಊರ ಹೆಸರಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ ಇನ್ನೂ ಏನೋ ಬರೆದಿತ್ತು: ‘ಗಾಡಿಯು ಇಲ್ಲಿ ನೀರಿಗಾಗಿ ಮಾತ್ರ ನಿಲ್ಲುವುದು. ಹೆಂಗಸರು ಇಳಿಯತಕ್ಕದ್ದಲ್ಲ.’

ಹಿತ್ತಲಿನಿಂದ ಗಂಡ ಬಾಯಿ ಮುಕ್ಕಳಿಸುವ ಸದ್ದು ಕೇಳುತ್ತಿತ್ತು. ತಂಗೆವ್ವ ಪೊರಕೆಯನ್ನು ಮೂಲೆಗೆ ಇಟ್ಟು, ಸೆರಗಿನ ಗಂಟು ಬಿಚ್ಚಿದಳು. ಈ ಸಲ ಎರಡೂ ಹಳಿಗೆ, ಗಾಡಿ ಅಮಾವಾಸ್ಯೆಯವರೆಗೂ ಅಲ್ಲಾಡದಷ್ಟು ದಪ್ಪಗೆ ಬಳಿಯತೊಡಗಿದಳು.